ಗಂಡು ಬೆಕ್ಕು ಉಚ್ಚೆ ಹೊಯ್ಯುತ್ತಿಲ್ಲವೇ? ಬೆಳಗಾಗುವವರೆಗೆ ಕಾಯಬೇಡಿ

ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮೂತ್ರದ ಕಲ್ಲಿನ ವಿಷಯವೇ ಜಾಸ್ತಿ. ಬೇಸಿಗೆ ಮುಗಿಯುವ ಹೊತ್ತಿಗೆ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಇಂಥ ಪ್ರಶ್ನೆ ಬರುವುದು ಸಹಜ. ಹಾಗಾಗಿ ಬೇರೆಯವನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇದೊಂದನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮದು ನಾಲ್ಕು ವರ್ಷದ ಗಂಡು ಬೆಕ್ಕು, ಬೀಜ ತೆಗೆಸಿದ್ದೇವೆ. ಹೋದ ತಿಂಗಳು ಒಂದು ದಿನ ಪದೇ ಪದೇ ಟ್ರೇಗೆ ಹೋಗಿ ಕೂತು ತಿಣುಕುತ್ತಿತ್ತು, ಏನೂ ಬರುತ್ತಿರಲಿಲ್ಲ. ಮಲಬದ್ಧತೆ ಇರಬೇಕು ಎಂದು ಅತ್ತೆ ಹರಳೆಣ್ಣೆ ಕುಡಿಸಿದರು. ಮರುದಿನ ವಾಂತಿ, ಸುಸ್ತು. ಡಾಕ್ಟರ್ ನೋಡಿ ಉಚ್ಚೆ ಕಟ್ಟಿಕೊಂಡಿದೆ ಎಂದು ನಳಿಕೆ ಹಾಕಿದರು, ಈಗ ಆರಾಮಾಗಿದೆ. ಇದು ಮತ್ತೆ ಬರುತ್ತಾ? ಮೊದಲೇ ಗುರುತಿಸುವುದು ಹೇಗೆ?
– ವಿದ್ಯಾನಗರ, ದಾವಣಗೆರೆ

ಉತ್ತರ: ನಿಮ್ಮ ಬೆಕ್ಕು ಉಳಿಯಿತಲ್ಲ, ಪತ್ರ ಓದಿ ಸಮಾಧಾನವಾಯಿತು ತಾಯಿ. ಯಾಕೆಂದರೆ ಎಷ್ಟೋ ಬೆಕ್ಕುಗಳು ಇದೇ ಕಾರಣಕ್ಕೆ ಹೋಗಿಬಿಡುತ್ತವೆ. ಮನೆಯವರಿಗೆ ಪ್ರೀತಿ ಇಲ್ಲ ಅಂತಲ್ಲ. ನೋಡುವವರಿಗೆ ಅದು ಮಲಬದ್ಧತೆಯ ಹಾಗೇ ಕಾಣುತ್ತದೆ, ಅಷ್ಟೇ. ನಿಮ್ಮ ಅತ್ತೆಯವರನ್ನು ಬೈಯಬೇಡಿ.

ಗಂಡು ಬೆಕ್ಕಿನ ಮೂತ್ರನಾಳ ಉದ್ದ, ತುದಿಗೆ ಬರುತ್ತಾ ತುಂಬಾ ಸಪೂರ. ಅಲ್ಲಿ ಒಂದು ಸಣ್ಣ ಹರಳು ಸಿಕ್ಕಿಕೊಂಡರೂ ಸಾಕು. ಎಷ್ಟೋ ಸಲ ಸಿಕ್ಕಿಕೊಳ್ಳುವುದು ಕಲ್ಲು ಕೂಡ ಅಲ್ಲ. ಲೋಳೆಯ ಜೊತೆ ಮರಳಿನಂಥ ಹರಳುಗಳು ಸೇರಿ ಬಿರಟೆ ಹಾಕಿದ ಹಾಗೆ ನಾಳ ಮುಚ್ಚಿಹೋಗುತ್ತದೆ. ಹೆಣ್ಣು ಬೆಕ್ಕಿನ ನಾಳ ಗಿಡ್ಡ ಮತ್ತು ಅಗಲ, ಆದ್ದರಿಂದ ಅದಕ್ಕೆ ಕಲ್ಲು ಆದರೂ ಪೂರ್ತಿ ಕಟ್ಟಿಕೊಳ್ಳುವುದು ಅಪರೂಪ.

ಒಮ್ಮೆ ಪೂರ್ತಿ ಕಟ್ಟಿತೆಂದರೆ ಮೂತ್ರಚೀಲ ಊದುತ್ತದೆ, ಒತ್ತಡ ಹಿಂದಕ್ಕೆ ಕಿಡ್ನಿಗೆ ಹೋಗುತ್ತದೆ, ಹೊರಗೆ ಹೋಗಬೇಕಾದ ಕಶ್ಮಲವೆಲ್ಲ ರಕ್ತದಲ್ಲೇ ಉಳಿಯುತ್ತದೆ. ಎಲ್ಲಕ್ಕಿಂತ ಅಪಾಯ ಪೊಟ್ಯಾಸಿಯಂ. ಅದು ಏರಿದರೆ ಹೃದಯದ ಬಡಿತ ನಿಧಾನವಾಗುತ್ತಾ ಹೋಗಿ ನಿಂತೇಹೋಗಬಹುದು. ಬಿಟ್ಟರೆ ಎರಡು ಮೂರು ದಿನದಲ್ಲಿ ಜೀವ ಹೋಗುತ್ತದೆ. ಅದಕ್ಕೇ ಇಷ್ಟು ಒತ್ತಿ ಹೇಳುವುದು: ಗಂಡು ಬೆಕ್ಕು ತಿಣುಕುತ್ತಿದೆ, ಟ್ರೇ ಒಣಗಿದೆ ಅಂದರೆ ಆಗಲೇ ಹೊರಡಿ. ಭಾನುವಾರ ಅಂತ ನೋಡಬೇಡಿ, ಹಬ್ಬ ಅಂತ ನೋಡಬೇಡಿ.

ಗುರುತು ಏನು ಅಂದರೆ, ಪದೇ ಪದೇ ಕೂರುವುದು, ಕೂತಾಗ ಕೂಗುವುದು, ಮೂತ್ರದ ಜಾಗವನ್ನು ನೆಕ್ಕುತ್ತಲೇ ಇರುವುದು, ಟ್ರೇ ಬಿಟ್ಟು ಬಚ್ಚಲಲ್ಲೋ ನೆಲದ ಮೇಲೋ ಕೆಂಪು ಹನಿ ಹಾಕುವುದು. ಇವು ಶುರುವಿನವು. ವಾಂತಿ, ಊಟ ಬಿಡುವುದು, ಮೂಲೆ ಹಿಡಿದು ಮಲಗುವುದು ಬಂತೆಂದರೆ ಆಗಲೇ ತಡವಾಗಿದೆ. ಕೆಳಹೊಟ್ಟೆ ಗಟ್ಟಿಯಾಗಿ ಉಬ್ಬಿರುವುದು ಕೈಗೆ ಗೊತ್ತಾಗಬಹುದು, ಆದರೆ ದಯವಿಟ್ಟು ಅಮುಕಿ ಉಚ್ಚೆ ಹೊರಡಿಸಲು ಹೋಗಬೇಡಿ. ತುಂಬಿದ ಚೀಲ ಒಡೆದುಹೋಗಬಹುದು. ಹರಳೆಣ್ಣೆ ಬೇಡ. ನೋವಿಗೆ ಅಂತ ಪ್ಯಾರಾಸಿಟಮಾಲ್ ಅಂತೂ ಬೇಡವೇ ಬೇಡ, ಬೆಕ್ಕಿಗೆ ಅದು ವಿಷ, ಅರ್ಧ ಮಾತ್ರೆಯೂ ಕೊಲ್ಲಬಹುದು.

ಇನ್ನು ಮತ್ತೆ ಬರುತ್ತಾ ಎಂಬುದು. ಬರಬಹುದು. ನಳಿಕೆ ತೆಗೆದ ಮೊದಲ ಒಂದೆರಡು ವಾರ ಬಹಳ ಎಚ್ಚರ ಇರಬೇಕು, ದಿನಾ ಟ್ರೇನಲ್ಲಿ ಉಚ್ಚೆಗೆ ಒದ್ದೆಯಾದ ಮರಳಿನ ಗಂಟು ಎಷ್ಟು ಆಗಿದೆ ನೋಡಿ. ಆಮೇಲೆ ಕಾರಣ ಹುಡುಕಬೇಕು. 10 ವರ್ಷದೊಳಗಿನ ಬೆಕ್ಕುಗಳಲ್ಲಿ ಇಂಥ ತೊಂದರೆ ಬಂದರೆ ಅರ್ಧಕ್ಕಿಂತ ಹೆಚ್ಚಿನವಕ್ಕೆ ಕಲ್ಲೂ ಇರುವುದಿಲ್ಲ, ಸೋಂಕೂ ಇರುವುದಿಲ್ಲ. ಮನಸ್ಸಿಗೆ ಕಿರಿಕಿರಿಯಾಗಿ ಮೂತ್ರಚೀಲ ಉರಿಯುತ್ತದೆ, ಊದುತ್ತದೆ. ಮನೆ ಬದಲಾಯಿಸಿದ್ದು, ಹೊಸ ಬೆಕ್ಕು ಬಂದದ್ದು, ದೀಪಾವಳಿ ಪಟಾಕಿ, ಮನೆ ತುಂಬ ನೆಂಟರು, ಕೊಳಕು ಟ್ರೇ, ಇವೆಲ್ಲ ಅದಕ್ಕೆ ಸಾಕು. ಹಾಗಾಗಿ ಒಂದು ಬೆಕ್ಕಿದ್ದರೆ ಎರಡು ಟ್ರೇ ಇಡಿ, ದಿನಾ ಕ್ಲೀನ್ ಮಾಡಿ, ಹತ್ತಿ ಕೂರಲು ಎತ್ತರದ ಒಂದು ಜಾಗ ಕೊಡಿ, ಯಾರೂ ಬರದ ಮೂಲೆಯೊಂದನ್ನು ಅದಕ್ಕೇ ಬಿಟ್ಟುಕೊಡಿ. ತೂಕ ಜಾಸ್ತಿ ಇದ್ದರೆ ಇಳಿಸಿ. ಬೀಜ ತೆಗೆಸಿದ್ದರಿಂದಲೇ ಹೀಗಾಯಿತು ಎಂದು ಕೊರಗಬೇಡಿ. ಆಪರೇಷನ್ ಆದ ಮೇಲೆ ಓಡಾಟ ಕಡಿಮೆಯಾಗಿ ದಪ್ಪ ಆಗುವುದನ್ನು ತಡೆದರೆ ಅರ್ಧ ಕೆಲಸ ಆದ ಹಾಗೆ.

ಇಷ್ಟೆಲ್ಲ ಮಾಡಿಯೂ ಪದೇ ಪದೇ ಕಟ್ಟುತ್ತಿದ್ದರೆ ಆ ಸಪೂರ ತುದಿಯನ್ನೇ ತೆಗೆದು ದಾರಿ ಅಗಲ ಮಾಡುವ ಆಪರೇಷನ್ ಇದೆ. ಅದು ಕೊನೆಯ ದಾರಿ.

ಪ್ರಶ್ನೆ: ನಮ್ಮ ಆರು ವರ್ಷದ ಪೊಮೆರೇನಿಯನ್ ಹೆಣ್ಣು ನಾಯಿಗೆ ಉಚ್ಚೆಯಲ್ಲಿ ರಕ್ತ. ಸ್ಕ್ಯಾನಿಂಗ್‌ನಲ್ಲಿ ಮೂತ್ರಚೀಲದಲ್ಲಿ ಎರಡು ಕಲ್ಲು ಕಂಡಿವೆ. ಒಬ್ಬ ಡಾಕ್ಟರ್ ಆಪರೇಷನ್ ಅಂತಾರೆ, ಬೆಂಗಳೂರಿನಲ್ಲಿ ನಮ್ಮ ಭಾವ ತಮ್ಮ ನಾಯಿಯ ಕಲ್ಲನ್ನು ಆಹಾರ ಬದಲಾಯಿಸಿಯೇ ಕರಗಿಸಿಕೊಂಡರಂತೆ. ಯಾರ ಮಾತು ಕೇಳಲಿ?
– ಚಿತ್ರದುರ್ಗ

ಉತ್ತರ: ಇಬ್ಬರೂ ಸರಿ ಇರಬಹುದು ಸಾರ್. ಕಲ್ಲು ಅನ್ನುವುದು ಒಂದೇ ಕಾಯಿಲೆ ಅಲ್ಲ. ಯಾವ ಕಲ್ಲು ಎಂದು ಗೊತ್ತಾಗದೆ ಕರಗುತ್ತೋ ಇಲ್ಲವೋ ಹೇಳಲು ಬರುವುದಿಲ್ಲ.

ನಾಯಿ ಬೆಕ್ಕುಗಳಲ್ಲಿ ಜಾಸ್ತಿ ಕಾಣುವುದು ಎರಡು. ಒಂದು ಸ್ಟ್ರುವೈಟ್, ಅಂದರೆ ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಸೇರಿ ಆದದ್ದು. ಇನ್ನೊಂದು ಕ್ಯಾಲ್ಸಿಯಂ ಆಕ್ಸಲೇಟ್. ಮೊದಲನೆಯದು ಕರಗುತ್ತದೆ. ಎರಡನೆಯದು ಯಾವ ಆಹಾರಕ್ಕೂ, ಯಾವ ಔಷಧಿಗೂ ಕರಗುವುದಿಲ್ಲ, ತೊಂದರೆ ಕೊಡುತ್ತಿದ್ದರೆ ತೆಗೆಯಲೇಬೇಕು.

ಹೆಣ್ಣು ನಾಯಿಗಳಲ್ಲಿ ಸ್ಟ್ರುವೈಟ್ ಜಾಸ್ತಿ, ಅದಕ್ಕೆ ಕಾರಣ ಬಹುಪಾಲು ಸೋಂಕು. ಕೆಲವು ಬ್ಯಾಕ್ಟೀರಿಯಾ ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ, ಮೂತ್ರ ಕ್ಷಾರವಾಗುತ್ತದೆ, ಹರಳು ಕಟ್ಟುತ್ತದೆ. ಬೆಕ್ಕಿನ ಕಥೆ ಬೇರೆ, ಅವಕ್ಕೆ ಸಾಮಾನ್ಯವಾಗಿ ಸೋಂಕಿಲ್ಲದೆಯೇ ಸ್ಟ್ರುವೈಟ್ ಆಗುತ್ತದೆ. ಆದರೆ ನಿಮ್ಮದು ಪೊಮೆರೇನಿಯನ್. ಶಿಟ್ಜು, ಲಾಸಾ, ಸಣ್ಣ ಶ್ನಾಜರ್ ಇವುಗಳ ಹಾಗೆ ಆಕ್ಸಲೇಟ್ ಕಲ್ಲೂ ಆಗುವ ಜಾತಿ. ಆದ್ದರಿಂದ ಊಹೆಯ ಮೇಲೆ ನಡೆಯಬೇಡಿ.

ಡಾಕ್ಟರಿಗೆ ಮೂರು ವಿಷಯ ಕೇಳಿ. ಮೂತ್ರದ ಪಿಎಚ್ (ಹುಳಿಯೋ ಕ್ಷಾರವೋ ಎಂಬ ಅಳತೆ) ಎಷ್ಟಿತ್ತು, 7ಕ್ಕಿಂತ ಮೇಲಿದ್ದು ಸೋಂಕೂ ಇದ್ದರೆ ಸ್ಟ್ರುವೈಟ್ ಇರುವ ಸಾಧ್ಯತೆ ಜಾಸ್ತಿ. ಕಲ್ಚರ್ ಮಾಡಿಸಿದಿರಾ, ಅಂದರೆ ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧಿ ಕೆಲಸ ಮಾಡುತ್ತದೆ ಎಂದು ನೋಡಿದ್ದಾರಾ. ಎಕ್ಸ್-ರೇ ತೆಗೆಸಿದ್ದಾರಾ, ಸ್ಕ್ಯಾನ್ ಕಲ್ಲು ಇದೆ ಎಂದು ತೋರಿಸುತ್ತದೆ, ಆದರೆ ಅದರ ಗಾತ್ರ, ಆಕಾರ, ಸಂಖ್ಯೆ ಎಕ್ಸ್-ರೇಯಲ್ಲಿ ಇನ್ನೂ ಸ್ಪಷ್ಟ. ಇವಿಷ್ಟು ಸೇರಿಸಿದರೆ ಒಂದು ಒಳ್ಳೆಯ ಅಂದಾಜು ಸಿಗುತ್ತದೆ.

ಸ್ಟ್ರುವೈಟ್ ಅನ್ನಿಸಿದರೆ, ಉಚ್ಚೆ ಸಲೀಸಾಗಿ ಹೋಗುತ್ತಿದ್ದರೆ, ಕರಗಿಸಲು ನೋಡುವುದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಸುಮ್ನೆ ಹೊಟ್ಟೆ ಯಾಕೆ ಕೊಯ್ಯಬೇಕು? ಅದಕ್ಕೆಂದೇ ಮಾಡಿದ ಆಹಾರ ಬರುತ್ತದೆ, ಜೊತೆಗೆ ಆ್ಯಂಟಿಬಯೋಟಿಕ್. ನಾಯಿಯಲ್ಲಿ ಎರಡು ಮೂರು ತಿಂಗಳು ಹಿಡಿಯಬಹುದು, ಬೆಕ್ಕಿನಲ್ಲಿ ಎರಡರಿಂದ ನಾಲ್ಕು ವಾರಕ್ಕೇ ಕರಗುವುದುಂಟು. ತಿಂಗಳಿಗೊಮ್ಮೆ ಎಕ್ಸ್-ರೇ ತೆಗೆದು ನೋಡುತ್ತಾರೆ. ಒಂದು ಕಟ್ಟುನಿಟ್ಟು ಇದೆ: ಆ ಆಹಾರ ಬಿಟ್ಟು ಬೇರೇನೂ ಕೊಡುವ ಹಾಗಿಲ್ಲ. ಬೆಳಿಗ್ಗೆ ಆ ಆಹಾರ, ಮಧ್ಯಾಹ್ನ ಮೊಸರನ್ನ, ಸಂಜೆ ಅಜ್ಜನ ಜೊತೆ ಬಿಸ್ಕತ್ತು, ಮಿರ್ಚಿ ತಿನ್ನುವಾಗ ಒಂದು ಹಿಡಿ ಮಂಡಕ್ಕಿ, ಹೀಗಾದರೆ ದುಡ್ಡೂ ದಂಡ, ಕಲ್ಲೂ ಇದ್ದಲ್ಲೇ ಇರುತ್ತದೆ. ಮನೆಯ ಎಲ್ಲರನ್ನೂ ಕೂರಿಸಿ ಹೇಳಿ. ಮರಿಗಳಿಗೆ, ಬಸುರಿ ನಾಯಿಗೆ, ಮೇದೋಜೀರಕದ ತೊಂದರೆ ಇದ್ದ ನಾಯಿಗೆ ಈ ಆಹಾರ ಆಗಿಬರುವುದಿಲ್ಲ, ಅದನ್ನೂ ಡಾಕ್ಟರಿಗೆ ತಿಳಿಸಬೇಕು. ಗಂಡು ನಾಯಿಯಾದರೆ ಇನ್ನೊಂದು ಎಚ್ಚರ. ಅದರ ಶಿಶ್ನದಲ್ಲಿ ಒಂದು ಮೂಳೆ ಇದೆ, ಕರಗಿ ಸಣ್ಣದಾದ ಕಲ್ಲು ಜಾರಿ ಬಂದು ಆ ಮೂಳೆಯ ಹಿಂದೆ ಸಿಕ್ಕಿಕೊಳ್ಳಬಹುದು. ಆಗ ಅದೂ ಬೆಕ್ಕಿನ ಹಾಗೇ ತುರ್ತು.

ಆಕ್ಸಲೇಟ್ ಅನ್ನಿಸಿದರೆ ನಿಮ್ಮ ಡಾಕ್ಟರ್ ಹೇಳಿದ ಹಾಗೆ ಆಪರೇಷನ್ ಮಾಡಿಸಿ. ಹೆದರಬೇಡಿ, ಮೂತ್ರಚೀಲ ಬೇಗ ಮಾಯುವ ಅಂಗ. ತೆಗೆದ ಕಲ್ಲನ್ನು ಎಸೆಯಲು ಬಿಡಬೇಡಿ. ತೊಳೆದು, ಒಣಗಿಸಿ, ಸಣ್ಣ ಡಬ್ಬಿಯಲ್ಲಿ ಹಾಕಿ ಪರೀಕ್ಷೆಗೆ ಕಳಿಸಲು ಕೇಳಿ. ಫಾರ್ಮಲಿನ್‌ನಲ್ಲಿ ಮುಳುಗಿಸಬಾರದು, ಕಲ್ಲಿನ ಖನಿಜವೇ ಬದಲಾಗಬಹುದು. ಮುಂದೆ ಮತ್ತೆ ಆಗದಂತೆ ಏನು ಮಾಡಬೇಕು ಎಂಬುದು ಆ ಪರೀಕ್ಷೆಯ ಮೇಲೇ ನಿಂತಿದೆ.

ಮೂತ್ರ ಹುಳಿ ಮಾಡುವ ಪುಡಿ ತರಿಸಿ ಕೊಡಬಹುದಾ ಎಂದು ಇನ್ನೊಬ್ಬರು ಕೇಳಿದ್ದಾರೆ, ಅದಕ್ಕೂ ಇಲ್ಲೇ ಹೇಳಿಬಿಡುತ್ತೇನೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1981ರಿಂದ ಪ್ರಾಣಿಗಳ ಮೂತ್ರದ ಕಲ್ಲು ಪರೀಕ್ಷಿಸುವ ಕೇಂದ್ರವಿದೆ. ಅಲ್ಲಿಗೆ 1980ರ ದಶಕದಲ್ಲಿ ಬರುತ್ತಿದ್ದ ಬೆಕ್ಕಿನ ಕಲ್ಲುಗಳಲ್ಲಿ ಸ್ಟ್ರುವೈಟೇ ಹೆಚ್ಚು. ಆಹಾರ ಕಂಪನಿಗಳು ಮೆಗ್ನೀಸಿಯಂ ಕಡಿಮೆ ಮಾಡಿ, ಮೂತ್ರ ಹುಳಿಯಾಗುವಂತೆ ಆಹಾರ ತಯಾರಿಸಲು ಶುರು ಮಾಡಿದವು. ಸ್ಟ್ರುವೈಟ್ ಇಳಿಯಿತು, ಆದರೆ 1990ರ ದಶಕದಲ್ಲಿ ಆಕ್ಸಲೇಟ್ ಏರಿತು. ಒಂದು ಕಡೆ ತಗ್ಗಿಸಿದರೆ ಇನ್ನೊಂದು ಕಡೆ ಉಬ್ಬುವ ವಿಷಯ ಇದು. ಆದ್ದರಿಂದ ಡಾಕ್ಟರ್ ಹೇಳದೆ ಮನೆಯಲ್ಲೇ ಪುಡಿ ಕಲಸಬೇಡಿ.

ಪ್ರಶ್ನೆ: ಬಾಳೆದಿಂಡಿನ ರಸ, ಹುರುಳಿ ಕಟ್ಟು, ಬಾರ್ಲಿ ನೀರು ಕುಡಿಸಿದರೆ ನಾಯಿಯ ಕಲ್ಲು ಬಿದ್ದುಹೋಗುತ್ತದೆಯೇ? ನಮಗೆ ಕೊಡುವ ಕಲ್ಲಿನ ಮಾತ್ರೆ ಕೊಡಬಹುದೇ? ಸ್ವಲ್ಪ ಬಿಯರ್ ಹಾಕಿ ಅಂತಲೂ ಒಬ್ಬರು ಹೇಳಿದರು.
– ಹರಿಹರ

ಉತ್ತರ: ಬಿಯರ್ ಬೇಡ. ನಾಯಿಗೂ ಬೆಕ್ಕಿಗೂ ಆಲ್ಕೋಹಾಲ್ ವಿಷ.

ಮನುಷ್ಯರಿಗೆ ಕಲ್ಲು ಸಾಮಾನ್ಯವಾಗಿ ಕಿಡ್ನಿಯಲ್ಲಿ ಆಗುತ್ತದೆ, ನಾಯಿ ಬೆಕ್ಕಿಗೆ ಬಹುಪಾಲು ಮೂತ್ರಚೀಲದಲ್ಲಿ. ಕಲ್ಲಿನ ಜಾತಿ ಬೇರೆ, ಆಗುವ ಕಾರಣ ಬೇರೆ. ನಮಗೆ ಆಗಿಬಂದದ್ದು ಅವಕ್ಕೆ ಆಗಿಬರಬೇಕೆಂದಿಲ್ಲ. ಬಾಯಿ ಹಿಡಿದು ಬಲವಂತವಾಗಿ ರಸ ಹೊಯ್ದರೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಅದಕ್ಕಿಂತ ದೊಡ್ಡ ನಷ್ಟ ಸಮಯದ್ದು. ಉಚ್ಚೆ ಕಟ್ಟಿದ ಪ್ರಾಣಿಗೆ ಇನ್ನಷ್ಟು ನೀರು ಕುಡಿಸಿದರೆ ಏನಾಗುತ್ತದೆ ನೀವೇ ಯೋಚಿಸಿ, ಒಳಗೆ ಬರುವುದು ಜಾಸ್ತಿ, ಹೊರಗೆ ಹೋಗಲು ದಾರಿ ಇಲ್ಲ. ನಮ್ಮ ನೋವಿನ ಮಾತ್ರೆಗಳು, ಐಬುಪ್ರೊಫೇನ್ ಡೈಕ್ಲೋಫಿನಾಕ್ ಅಂಥವು, ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿಯನ್ನೂ ಕೆಡಿಸುತ್ತವೆ.

ಪ್ರಶ್ನೆ: ನಮ್ಮ ಕಡೆ ಬೋರ್‌ವೆಲ್ ನೀರು ಬಹಳ ಗಡಸು. ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಇದರಿಂದಲೇ ಕಲ್ಲು ಆಗುತ್ತದೆ ಎನ್ನುತ್ತಾರೆ, ನಿಜವೇ?
– ಚಳ್ಳಕೆರೆ

ಉತ್ತರ: ನಾಯಿ ಬೆಕ್ಕುಗಳ ಮಟ್ಟಿಗೆ ಗಡಸು ನೀರೇ ಕಾರಣ ಎಂದು ಹೇಳಲು ಗಟ್ಟಿ ಪುರಾವೆ ಇಲ್ಲ. ನೀರು ಗಡಸೋ ಮೆದುವೋ ಎಂಬುದಕ್ಕಿಂತ ಎಷ್ಟು ಕುಡಿಯುತ್ತದೆ ಎಂಬುದೇ ಮುಖ್ಯ. ಮೂತ್ರ ತೆಳ್ಳಗಿದ್ದರೆ ಹರಳು ಕಟ್ಟುವುದು ಕಷ್ಟ. ಆದರೂ ಚಿತ್ರದುರ್ಗ ಜಿಲ್ಲೆಯ ಎಷ್ಟೋ ಹಳ್ಳಿಗಳ ಕೊಳವೆಬಾವಿಯಲ್ಲಿ ಫ್ಲೋರೈಡ್ ಜಾಸ್ತಿ. ಅದು ಕಲ್ಲಿನ ವಿಷಯ ಅಲ್ಲ, ಹಲ್ಲು ಮೂಳೆಯ ವಿಷಯ. ನೀವು ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೀರಿ ಅಲ್ವಾ, ಅದರಲ್ಲೇ ಒಂದು ಬಟ್ಟಲು ನಾಯಿ ಬೆಕ್ಕಿಗೂ ಇಡಿ.

ಲೆಕ್ಕ ಹೇಳುವುದಾದರೆ ಒಂದು ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 50 ಮಿಲಿ ನೀರು ಬೇಕು, ಊಟದಲ್ಲಿ ಇರುವುದೂ ಸೇರಿ. ನಾಲ್ಕು ಕೆಜಿ ಬೆಕ್ಕಿಗೆ 200 ಮಿಲಿ. ಒಣ ಕಾಳಿನಂಥ ಆಹಾರದಲ್ಲಿ ನೀರಿರುವುದು 100ಕ್ಕೆ 10ರಷ್ಟು ಮಾತ್ರ, ಒದ್ದೆ ಆಹಾರದಲ್ಲಿ (ವೆಟ್ ಫುಡ್) 75ರಿಂದ 80. ಬೆಕ್ಕು ಒಣ ಪ್ರದೇಶದಿಂದ ಬಂದ ಪ್ರಾಣಿ, ಬಾಯಾರಿಕೆ ಅಷ್ಟಾಗಿ ಗೊತ್ತಾಗುವುದಿಲ್ಲ, ಬೇಟೆಯ ಮಾಂಸದಿಂದಲೇ ನೀರು ಪಡೆಯುತ್ತಿತ್ತು. ಅಂಥದ್ದಕ್ಕೆ ಬರೀ ಒಣ ಆಹಾರ ಹಾಕಿ, ಚಳ್ಳಕೆರೆಯ ಬಿಸಿಲಲ್ಲಿ ಬೆಚ್ಚಗಾದ ನೀರು ಇಟ್ಟರೆ ಕುಡಿಯುವುದಿಲ್ಲ. ಒಣ ಆಹಾರವನ್ನು ನೀರಲ್ಲಿ ನೆನೆಸಿ ಕೊಡಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಕೋಳಿ ಬೇಯಿಸಿದ ನೀರು ಕೊಡಿ. ಮನೆಯಲ್ಲಿ ಎರಡು ಮೂರು ಕಡೆ ಅಗಲ ಬಾಯಿಯ ಬಟ್ಟಲು ಇಡಿ, ಒಂದನ್ನು ಟ್ರೇಯಿಂದ ದೂರ. ಮಣ್ಣಿನ ಬಟ್ಟಲಾದರೆ ನೀರು ತಣ್ಣಗಿರುತ್ತದೆ. ಹಾಲು ನೀರಿಗೆ ಬದಲಿ ಅಲ್ಲ, ದೊಡ್ಡ ಬೆಕ್ಕುಗಳಿಗೆ ಎಷ್ಟೋ ಸಲ ಭೇದಿಯಾಗುತ್ತದೆ.

ನಾಯಿಯನ್ನು ಮೂರು ನಾಲ್ಕು ಗಂಟೆಗೊಮ್ಮೆ ಹೊರಗೆ ಬಿಡಿ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ನಾಯಿ ಬೆಳಿಗ್ಗೆಯಿಂದ ಸಂಜೆವರೆಗೆ ಉಚ್ಚೆ ತಡೆದುಕೊಂಡೇ ಇರುತ್ತದೆ. ಇದು ನನಗೆ ಬಹಳ ಸಂಕಟ ಕೊಡುವ ವಿಷಯ. ಪಕ್ಕದ ಮನೆಯವರನ್ನು ಕೇಳಿಕೊಂಡಾದರೂ ಮಧ್ಯಾಹ್ನ ಒಮ್ಮೆ ಬಿಡಿಸಿ.

ಪ್ರಶ್ನೆ: ನಾಯಿ ಬೆಕ್ಕಿನ ಪ್ರಶ್ನೆಯಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಮಾರಲೆಂದು ಮೇಯಿಸುತ್ತಿದ್ದ ಟಗರು ಹಿಂಗಾಲು ಚಾಚಿ ನಿಂತು ಬಾಲ ಆಡಿಸುತ್ತಾ ನರಳುತ್ತಿತ್ತು. ಮೂರನೇ ದಿನ ಸ್ವಲ್ಪ ಸುಧಾರಿಸಿದಂತೆ ಕಂಡಿತು, ಆಮೇಲೆ ಹೊಟ್ಟೆ ಉಬ್ಬಿ ಸತ್ತಿತು. ಮೆಕ್ಕೆಜೋಳ, ಬೂಸಾ ಚೆನ್ನಾಗೇ ಹಾಕುತ್ತಿದ್ದೆವು. ಇನ್ನೂ ಎಂಟು ಇವೆ.
– ಜಗಳೂರು

ಉತ್ತರ: ಬೇಜಾರು ಯಾಕಣ್ಣಾ? ಇದೂ ಅದೇ ಕಾಯಿಲೆ. ನೀವು ಬರೆದ ಲಕ್ಷಣ ನೋಡಿದರೆ ಕಲ್ಲು ಕಟ್ಟಿ ಮೂತ್ರಚೀಲವೋ ನಾಳವೋ ಒಡೆದಿರಬೇಕು. ಒಡೆದ ಕೂಡಲೇ ಒತ್ತಡ ಇಳಿದು ನೋವು ಕಡಿಮೆಯಾಗುತ್ತದೆ, ಸುಧಾರಿಸಿತು ಎಂದು ನಾವು ಅಂದುಕೊಳ್ಳುತ್ತೇವೆ. ಮೂತ್ರವೆಲ್ಲ ಹೊಟ್ಟೆಯೊಳಗೆ ತುಂಬಿ ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ.

ಕಾರಣ ಆ ಚೆನ್ನಾಗಿ ಹಾಕಿದ ಮೇವೇ. ಮೆಕ್ಕೆಜೋಳ, ಗೋಧಿ ಬೂಸಾ, ಅಕ್ಕಿ ತೌಡು ಇವುಗಳಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಸುಣ್ಣದಂಶ ಕಡಿಮೆ. ಮೇವಿನಲ್ಲಿ ಸುಣ್ಣದಂಶ ಎರಡು ಪಾಲು ಇದ್ದರೆ ರಂಜಕ ಒಂದು ಪಾಲು ಇರಬೇಕು, ಕಾಳು ಬೂಸಾ ಜಾಸ್ತಿಯಾದರೆ ಇದು ತಲೆಕೆಳಗಾಗುತ್ತದೆ. ಮಿಕ್ಕಿದ ರಂಜಕ ಮೂತ್ರದಲ್ಲಿ ಇಳಿದು ಸ್ಟ್ರುವೈಟ್ ಕಟ್ಟುತ್ತದೆ. ತೀರ ಎಳೆ ಮರಿಯಲ್ಲೇ ಬೀಜ ಒಡೆಸಿದ ಟಗರುಗಳ ಮೂತ್ರನಾಳ ಅಗಲವಾಗಿ ಬೆಳೆಯುವುದಿಲ್ಲ, ಅವಕ್ಕೆ ಅಪಾಯ ಇನ್ನೂ ಜಾಸ್ತಿ.

ಉಳಿದ ಎಂಟಕ್ಕೆ ಇವತ್ತಿನಿಂದಲೇ ಕಾಳು, ಬೂಸಾ ಇಳಿಸಿ. ಹಸಿರು ಮೇವು, ಶೇಂಗಾ ಹೊಟ್ಟು ಜಾಸ್ತಿ ಮಾಡಿ. ಬಾನಿಯಲ್ಲಿ ಸದಾ ಶುದ್ಧ ನೀರಿರಲಿ. ಟಗರಿಗೆ ಮೇವಿನಲ್ಲಿ ಸ್ವಲ್ಪ ಉಪ್ಪು ಸೇರಿಸಿದರೆ ನೀರು ಜಾಸ್ತಿ ಕುಡಿಯುತ್ತದೆ, ಒಳ್ಳೆಯದು. ಬೆಕ್ಕು ನಾಯಿ ಸಾಕಿದವರು ಇದನ್ನು ಓದಿ ಅವಕ್ಕೂ ಉಪ್ಪು ಹಾಕಬೇಡಿ ಮತ್ತೆ. ಮೂತ್ರ ಹುಳಿ ಮಾಡುವ ಅಮೋನಿಯಂ ಕ್ಲೋರೈಡ್ ಎಂಬ ಔಷಧಿ ಇದೆ, ಪ್ರಮಾಣ ಡಾಕ್ಟರೇ ಹೇಳಬೇಕು. ದಿನಾ ಹೊಟ್ಟೆಯಡಿ ಕೈಯಾಡಿಸಿ ನೋಡಿ. ಮೂತ್ರದ ಜಾಗದ ಕೂದಲಿಗೆ ಉಪ್ಪಿನ ಹರಳಿನಂಥದು ಅಂಟಿದ್ದರೆ ಅದೇ ಮೊದಲ ಸೂಚನೆ. ಟಗರಿನ ಶಿಶ್ನದ ತುದಿಯಲ್ಲಿ ಹುಳುವಿನಂಥ ಸಣ್ಣ ಬಾಲ ಇರುತ್ತದೆ, ಎಷ್ಟೋ ಸಲ ಕಲ್ಲು ಅಲ್ಲೇ ಸಿಕ್ಕಿಕೊಂಡಿರುತ್ತದೆ. ಬೇಗ ಕರೆಸಿದರೆ ಡಾಕ್ಟರ್ ಅದನ್ನಷ್ಟೇ ಕತ್ತರಿಸಿ ಉಳಿಸಿಕೊಡಬಹುದು. ಟಗರು ನರಳಲು ಶುರುವಾದ ದಿನವೇ 1962ಕ್ಕೆ ಫೋನ್ ಮಾಡಿ, ಪಶು ಚಿಕಿತ್ಸೆಯ ವಾಹನ ಕಳಿಸಲು ಕೇಳಿ.

ಪ್ರಶ್ನೆ: ಡಾಲ್ಮೇಷಿಯನ್ ಮರಿ ತಂದಿದ್ದೇವೆ. ಈ ಜಾತಿಗೆ ಕಲ್ಲು ಗ್ಯಾರಂಟಿ ಅಂತಾರೆ, ಹೌದಾ?
– ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಗ್ಯಾರಂಟಿ ಏನಿಲ್ಲ, ಆದರೆ ಸಾಧ್ಯತೆ ಜಾಸ್ತಿ, ಅದರಲ್ಲೂ ಗಂಡಿಗೆ. ಬೇರೆ ನಾಯಿಗಳ ದೇಹ ಯೂರಿಕ್ ಆ್ಯಸಿಡನ್ನು ಸುಲಭವಾಗಿ ಕರಗುವ ಬೇರೊಂದು ವಸ್ತುವಾಗಿ ಮಾರ್ಪಡಿಸಿ ಹೊರಹಾಕುತ್ತದೆ. ಡಾಲ್ಮೇಷಿಯನ್ನಿನ ಒಂದು ಜೀನ್‌ನಲ್ಲಿ ದೋಷ ಇರುವುದರಿಂದ ಅದು ಸರಿಯಾಗಿ ಆಗುವುದಿಲ್ಲ, ಯೂರಿಕ್ ಆ್ಯಸಿಡ್ ಮೂತ್ರದಲ್ಲಿ ಜಾಸ್ತಿಯಾಗಿ ಕಲ್ಲು ಕಟ್ಟಬಹುದು. ಆ ಜೀನ್ ಯಾವುದೆಂದು 2008ರಲ್ಲಿ ಗೊತ್ತಾಯಿತು. ಅದಕ್ಕೂ ಮೊದಲು, 1973ರಲ್ಲೇ, ಅಮೆರಿಕದಲ್ಲಿ ಪಾಯಿಂಟರ್ ನಾಯಿಯ ಜೊತೆ ಒಮ್ಮೆ ಕೂಡಿಸಿ ದೋಷವಿಲ್ಲದ ಡಾಲ್ಮೇಷಿಯನ್ ತಳಿ ಮಾಡಲು ಶುರು ಮಾಡಿದ್ದರು.

ಮರಿಗೆ ಲಿವರ್, ಕಿಡ್ನಿ, ಬೂತಾಯಿಯಂಥ ಮೀನು ಕೊಡಬೇಡಿ. ನೀರು ಧಾರಾಳ ಕೊಡಿ. ಮುಂದೆ ಎಂದಾದರೂ ತಿಣುಕಿದರೆ ಎಕ್ಸ್-ರೇಯಲ್ಲಿ ಏನೂ ಇಲ್ಲ ಎಂದು ಸುಮ್ಮನಾಗಬೇಡಿ, ಈ ಜಾತಿಯ ಕಲ್ಲು ಎಕ್ಸ್-ರೇಗೆ ಎಷ್ಟೋ ಸಲ ಕಾಣುವುದಿಲ್ಲ. ಸ್ಕ್ಯಾನಿಂಗ್ ಮಾಡಿಸಿ.

ಪ್ರಶ್ನೆ: ಡಾಕ್ಟರ್ ಮೂತ್ರ ತನ್ನಿ ಎಂದಿದ್ದಾರೆ. ಬೆಕ್ಕಿನದು ಹಿಡಿಯುವುದು ಹೇಗೆ ಮೇಡಂ?
– ಹೊಸದುರ್ಗ

ಉತ್ತರ: ಟ್ರೇ ಚೆನ್ನಾಗಿ ತೊಳೆದು ಒಣಗಿಸಿ. ಮಾಮೂಲಿ ಮರಳಿನ ಬದಲು, ಅಕ್ವೇರಿಯಂಗೆ ಹಾಕುವ ನುಣುಪು ಹರಳನ್ನು ತೊಳೆದು ಒಂದು ಪದರ ಹಾಕಿ, ಅದು ನೀರು ಹೀರುವುದಿಲ್ಲ. ಬೆಕ್ಕು ಹೋದ ಮೇಲೆ ಟ್ರೇ ಓರೆ ಮಾಡಿ ಸೂಜಿ ಇಲ್ಲದ ಸಿರಿಂಜ್‌ನಲ್ಲಿ ಎಳೆದುಕೊಳ್ಳಿ. ನಾಯಿಯಾದರೆ ಉದ್ದ ಹಿಡಿಯ ಹಳೆಯ ಸೌಟು ಸಾಕು, ಶುರುವಿನ ಹನಿ ಬಿಟ್ಟು ನಡುವಿನದನ್ನು ಹಿಡಿಯಿರಿ. ಕಲ್ಚರ್ ಮಾಡಿಸಬೇಕಿದ್ದರೆ ಮಾತ್ರ ಇದು ಆಗುವುದಿಲ್ಲ. ಡಾಕ್ಟರೇ ಸೂಜಿಯಿಂದ ನೇರವಾಗಿ ಮೂತ್ರಚೀಲದಿಂದ ತೆಗೆಯುತ್ತಾರೆ, ನೋಡಲು ಭಯವಾದರೂ ಬೇಗ ಮುಗಿಯುತ್ತದೆ.

ಹಿಡಿದ ಮೂತ್ರವನ್ನು ಒಂದು ಗಂಟೆಯೊಳಗೆ ತಲುಪಿಸಲು ನೋಡಿ. ಫ್ರಿಜ್‌ನಲ್ಲಿಟ್ಟರೆ ತಣ್ಣಗಾಗುತ್ತಾ ಡಬ್ಬಿಯಲ್ಲೇ ಹರಳು ಕಟ್ಟಬಹುದು, ಆಗ ಇಲ್ಲದ ಕಾಯಿಲೆ ಇದ್ದಂತೆ ಕಾಣುತ್ತದೆ. ಹಿಡಿದ ಸಮಯವನ್ನು ಡಬ್ಬಿಯ ಮೇಲೆ ಬರೆದು ಕೊಡಿ. ಫ್ರಿಜ್‌ನಲ್ಲಿ ಇಡಲೇಬೇಕಾಗಿ ಬಂದಿದ್ದರೆ ಅದನ್ನೂ ಹೇಳಿ.